ಗಂಟೆಗಳ ಲೆಕ್ಕ: ಆನ್‌ಲೈನ್ ಡೈನಾಸ್ಟಿಯಲ್ಲಿ ಆಟಗಾರರನ್ನು ಹುಡುಕುವುದು, ಒಲಿಸುವುದು

ಐಪಿಎಲ್ ಹರಾಜು ನೋಡಿ ಅಭ್ಯಾಸವಾದವರಿಗೆ ಅಮೆರಿಕದ ಕಾಲೇಜು ಫುಟ್‌ಬಾಲ್ ಮೊದಲು ವಿಚಿತ್ರ ಅನಿಸುತ್ತದೆ. ಇಲ್ಲಿ ಹರಾಜಿಲ್ಲ, ಸುತ್ತಿಗೆ ಬಡಿಯುವವರಿಲ್ಲ. ಹೈಸ್ಕೂಲಿನಲ್ಲಿ ಓದುತ್ತಿರುವ ಹುಡುಗನ ಮನೆಗೆ ದೊಡ್ಡ ದೊಡ್ಡ ಕೋಚ್‌ಗಳೇ ಹೋಗುತ್ತಾರೆ. ಸೋಫಾ ಮೇಲೆ ಕೂತು, ಅವನ ಅಮ್ಮ ಕೊಟ್ಟಿದ್ದನ್ನು ತಿಂದು, 'ನಿಮ್ಮ ಮಗನನ್ನು ನಮ್ಮ ಕಾಲೇಜಿಗೆ ಕಳಿಸಿ' ಅಂತ ಕೇಳುತ್ತಾರೆ. ಕೊನೆಗೆ ಆರಿಸುವುದು ಹುಡುಗನೇ. ಮನೆಯಲ್ಲಿ ಸಂಬಂಧ ಕುದುರಿಸುವುದನ್ನು ಹತ್ತಿರದಿಂದ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ.

ಇಎ ಸ್ಪೋರ್ಟ್ಸ್‌ನ 'ಕಾಲೇಜ್ ಫುಟ್‌ಬಾಲ್ 25' ವಿಡಿಯೋ ಗೇಮ್‌ನ ಡೈನಾಸ್ಟಿ ಮೋಡ್‌ನಲ್ಲಿ, ಅಂದರೆ ಒಂದು ಕಾಲೇಜಿನ ಕೋಚ್ ಆಗಿ ಸೀಸನ್ ಮೇಲೆ ಸೀಸನ್ ತಂಡ ನಡೆಸುವ ಆಟದಲ್ಲಿ, ನಾವು ಮಾಡುವುದು ಇದೇ ಕೆಲಸ. ಹುಡುಗರ ಮೇಲೆ ಖರ್ಚು ಮಾಡಲು ವಾರವಾರ ಸಿಗುವ ಗಂಟೆಗಳೇ ಇಲ್ಲಿ ದುಡ್ಡು. 2013ರ ಜುಲೈನಲ್ಲಿ 'ಎನ್‌ಸಿಎಎ ಫುಟ್‌ಬಾಲ್ 14' ಬಂದ ಮೇಲೆ ಈ ಸರಣಿ ನಿಂತೇ ಹೋಗಿತ್ತು. ಆಟಗಾರರ ರೂಪ ಬಳಸಿ ದುಡ್ಡು ಮಾಡಿ, ಅವರಿಗೆ ಮಾತ್ರ ಏನೂ ಕೊಡದಿರುವುದು ಸರಿಯಾ ಅಂತ ಎಡ್ ಒಬ್ಯಾನನ್ ಎಂಬ ಮಾಜಿ ಬ್ಯಾಸ್ಕೆಟ್‌ಬಾಲ್ ಆಟಗಾರ 2009ರಲ್ಲಿ ಹಾಕಿದ ಕೇಸು ಅದಕ್ಕೆ ದೊಡ್ಡ ಕಾರಣ. ತಮ್ಮ ಹೆಸರಿನಿಂದ ಆಟಗಾರರು ಸಂಪಾದಿಸಬಹುದು ಅಂತ 2021ರಲ್ಲಿ ನಿಯಮ ಬದಲಾಯಿತು. 2024ರ ಜುಲೈನಲ್ಲಿ ಆಟ ವಾಪಸ್ ಬಂತು. 134 ತಂಡಗಳು. ಒಂದೇ ಆನ್‌ಲೈನ್ ಡೈನಾಸ್ಟಿಯಲ್ಲಿ 32 ಜನರವರೆಗೆ ಸೇರಬಹುದು.

ನಮ್ಮದು ಆರು ಜನರ ಗುಂಪು. ಟೆಕ್ಸಾಸ್‌ನಲ್ಲಿ ಒಟ್ಟಿಗೆ ಎಂಎಸ್ ಮಾಡಿದವರು. ಈಗ ಐವರು ಅಮೆರಿಕದ ಐದು ಊರಲ್ಲಿದ್ದೇವೆ, ಒಬ್ಬ ಬೆಂಗಳೂರಿಗೆ ವಾಪಸ್ ಹೋಗಿದ್ದಾನೆ. ಮೈದಾನದಲ್ಲಿ ಆಡುವುದರಲ್ಲಿ ನಾನು ಕೊನೆಯವನು. ನನ್ನ ಹೆಬ್ಬೆರಳಿಗೆ ಆ ವೇಗ ಇಲ್ಲ. ಆದರೆ ಸಣ್ಣ ಕಾಲೇಜು ಇಟ್ಟುಕೊಂಡೇ ಮೂರನೇ ಸೀಸನ್‌ನಿಂದ ಇವರಿಗೆಲ್ಲ ನೀರು ಕುಡಿಸುತ್ತಿದ್ದೇನೆ. ಅದಕ್ಕೆ ಕಾರಣ ಒಂದೇ: ರಿಕ್ರೂಟಿಂಗ್, ಅಂದರೆ ಹುಡುಗರನ್ನು ಹುಡುಕಿ ಒಲಿಸುವುದು. ಹೊಸದಾಗಿ ಸೇರಿದ ಇಬ್ಬರಿಗೆ ವಾಟ್ಸಾಪ್‌ನಲ್ಲಿ ಚೂರುಚೂರಾಗಿ ಹೇಳಿದ್ದನ್ನೇ ಇಲ್ಲಿ ಒಟ್ಟು ಮಾಡಿ ಬರೆದಿದ್ದೇನೆ. ಅಂಕಿಗಳು 2024ರ ಆವೃತ್ತಿಯವು, ಕೋಚ್‌ಗೆ ಯಾವ ಸ್ಕಿಲ್ಲೂ ಹಾಕದೆ ಇರುವಾಗಿನವು. ಸ್ಕಿಲ್ ಹಾಕಿದಾಗ, ಅಪ್‌ಡೇಟ್ ಬಂದಾಗ ಇವು ಬದಲಾಗುತ್ತವೆ. ಸ್ಕ್ರೀನ್ ಮೇಲೆ ಏನು ತೋರಿಸುತ್ತದೋ ಅದನ್ನೇ ನಂಬಿ.

ಮೊದಲು ನಿಮ್ಮ ಮನೆ ನೋಡಿಕೊಳ್ಳಿ

ಹೊಸಬರು ಆಟ ಶುರು ಮಾಡಿದ ಕೂಡಲೇ ದೇಶದ ಟಾಪ್ ಹುಡುಗರ ಪಟ್ಟಿ ತೆರೆಯುತ್ತಾರೆ. ಬೇಡ. ಮೊದಲು ನಿಮ್ಮದೇ ತಂಡದ ಪಟ್ಟಿ ತೆರೆಯಿರಿ. ಯಾರು ಸೀನಿಯರ್ (ಕೊನೆಯ ವರ್ಷದವರು), ಈ ವರ್ಷ ಯಾರ್ಯಾರು ಹೊರಗೆ ಹೋಗುತ್ತಾರೆ, ಯಾವ ಜಾಗದಲ್ಲಿ ಎರಡನೇ ಆಟಗಾರನೇ ಇಲ್ಲ ಅಂತ ಒಂದು ಕಾಗದದ ಮೇಲೆ ಬರೆದುಕೊಳ್ಳಿ. ಆಟವೇ 'ಟೀಮ್ ನೀಡ್ಸ್' ಅಂತ ಒಂದು ಪಟ್ಟಿ ಕೊಡುತ್ತದೆ. ಅದು ಪರವಾಗಿಲ್ಲ, ಆದರೆ ಅದಕ್ಕೆ ತಲೆ ಎಣಿಸಲು ಬರುತ್ತದೆಯೇ ಹೊರತು ಗುಣ ತೂಗಲು ಬರುವುದಿಲ್ಲ. ಐದು ಜನ ಕಾರ್ನರ್‌ಬ್ಯಾಕ್ (ಚೆಂಡು ಹಿಡಿಯಲು ಓಡುವ ಎದುರಾಳಿಯ ಬೆನ್ನು ಹತ್ತಿ ತಡೆಯುವವರು) ಇದ್ದಾರೆ ಅಂದ ಮಾತ್ರಕ್ಕೆ ಅಲ್ಲಿ ಸಮಸ್ಯೆ ಇಲ್ಲ ಅಂತಲ್ಲ. ಐವರೂ ಆಮೆಗಳಾಗಿರಬಹುದು.

ಆಮೇಲೆ 'ಮೈ ಸ್ಕೂಲ್' ಪುಟಕ್ಕೆ ಹೋಗಿ. ಅಲ್ಲಿ ನಿಮ್ಮ ಕಾಲೇಜಿಗೆ ಹದಿನಾಲ್ಕು ವಿಷಯಗಳಲ್ಲಿ ಗ್ರೇಡ್ ಇರುತ್ತದೆ. ಆಡುವ ಅವಕಾಶ ಎಷ್ಟು, ಸ್ಟೇಡಿಯಂ ಗದ್ದಲ ಹೇಗೆ, ಓದು ಹೇಗೆ, ಜಿಮ್ ಮತ್ತಿತರ ಸೌಲಭ್ಯ ಹೇಗೆ, ಕೋಚ್ ಕೆಲಸ ಗಟ್ಟಿಯಾ, ಇಲ್ಲಿಂದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ಗೆ ಹೋಗುವ ದಾರಿ ಇದೆಯಾ, ಹೀಗೆ. ಇದು ನಿಮ್ಮ ಜಾತಕ. ಇದನ್ನು ಬಾಯಿಪಾಠ ಮಾಡಿ. ನನ್ನ ತಂಡಕ್ಕೆ ಓದಿನಲ್ಲಿ ಬಿ, ಸೌಲಭ್ಯದಲ್ಲಿ ಸಿ, ಸಂಪ್ರದಾಯದಲ್ಲಿ ಡಿ ಇತ್ತು. ಡಿ ಇರುವ ವಿಷಯಕ್ಕೇ ಮರುಳಾಗುವ ಹುಡುಗನ ಹಿಂದೆ ಹೋಗುವುದು ಬರೀ ಗಾಳಿಗೆ ಗುದ್ದುವ ಕೆಲಸ.

ಕೆಲವು ಗ್ರೇಡ್ ಬೇರೆ ಥರ. 'ಪ್ಲೇಯಿಂಗ್ ಟೈಮ್' ಮತ್ತು 'ಪ್ಲೇಯಿಂಗ್ ಸ್ಟೈಲ್' ಒಂದೊಂದು ಪೊಸಿಷನ್‌ಗೂ ಬೇರೆ ಬೇರೆ ಇರುತ್ತವೆ. ಆಡುವ ಸಮಯದ ಗ್ರೇಡ್ ನಿಮ್ಮ ಬೆಂಚಿನ ಮೇಲೆ ಯಾರಿದ್ದಾರೆ ಅನ್ನುವುದರ ಮೇಲೆ ನಿಂತಿದೆ. ಶೈಲಿಯ ಗ್ರೇಡ್ ನೀವು ಮೈದಾನದಲ್ಲಿ ಹೇಗೆ ಆಡುತ್ತೀರಿ ಅನ್ನುವುದರ ಮೇಲೆ. ವರ್ಷವಿಡೀ ಚೆಂಡು ಎಸೆಯದೆ, ಹೊತ್ತು ಓಡಿಸಿಕೊಂಡೇ ಆಡಿ, ಆಮೇಲೆ ಚೆಂಡೆಸೆಯುವುದರಲ್ಲಿ ಪಳಗಿದ ಕ್ವಾರ್ಟರ್‌ಬ್ಯಾಕ್‌ಗೆ (ಚೆಂಡು ಹಿಡಿದು ಆಟ ನಡೆಸುವವನಿಗೆ) 'ಬಾರಪ್ಪಾ' ಅಂದರೆ ಅವನು ಯಾಕೆ ಬರುತ್ತಾನೆ? ಸಣ್ಣ ಕಾಲೇಜಿಗೆ ಆಡುವ ಸಮಯವೇ ದೊಡ್ಡ ಬಂಡವಾಳ. ದೊಡ್ಡ ಕಾಲೇಜಿನಲ್ಲಿ ಮೂರು ವರ್ಷ ಬೆಂಚು ಕಾಯಬೇಕು. ನಿಮ್ಮಲ್ಲಿ ಮೊದಲ ವರ್ಷವೇ ಮೈದಾನ.

ಮೂವತ್ತೈದು ಹೆಸರು

ನೀವು ಬೆನ್ನು ಹತ್ತುವ ಹುಡುಗರ ಪಟ್ಟಿಯೇ ಬೋರ್ಡ್. ಅದರ ಮೇಲೆ 35 ಹುಡುಗರಿಗೆ ಜಾಗ. ತುಂಬಿಸುವಾಗ ನಾನು ಮೊದಲು ನೋಡುವುದು ನಕ್ಷತ್ರ (ಹುಡುಗನ ದರ್ಜೆ) ಅಲ್ಲ, ಡೀಲ್‌ಬ್ರೇಕರ್. ಪ್ರತಿ ಹುಡುಗನಿಗೂ ಒಂದು ಹಠ ಇರುತ್ತದೆ. ಒಬ್ಬನಿಗೆ ಮನೆ ಹತ್ತಿರ ಇರಬೇಕು, ಒಬ್ಬನಿಗೆ ಟಿವಿಯಲ್ಲಿ ಕಾಣಬೇಕು, ಒಬ್ಬನಿಗೆ ಗೆಲ್ಲುವ ತಂಡವೇ ಬೇಕು. ಆ ವಿಷಯದಲ್ಲಿ ನಿಮ್ಮ ಗ್ರೇಡ್ ಅವನು ಕೇಳಿದ್ದಕ್ಕಿಂತ ಕೆಳಗಿದ್ದರೆ ಕತೆ ಅಲ್ಲಿಗೇ ಮುಗಿಯಿತು. ಬೇರೆ ಎಲ್ಲ ಕೂಡಿಬಂದರೂ ಬಾಗಿಲು ತೆರೆಯುವುದಿಲ್ಲ. ಅಂಥವನನ್ನು ಬೋರ್ಡ್‌ಗೆ ಹಾಕಿ ಜಾಗ ಹಾಳು ಮಾಡಬೇಡಿ. ಅಂಚಿನಲ್ಲಿರುವವನ ಬಗ್ಗೆಯೂ ಎಚ್ಚರ. ಅವನು ಕೇಳುವುದು ಬಿ, ನಿಮ್ಮದೂ ಬಿ ಅಂತಿಟ್ಟುಕೊಳ್ಳಿ. ನಾಲ್ಕು ಪಂದ್ಯ ಸೋತು ಗ್ರೇಡ್ ಜಾರಿದರೆ ನಡು ಸೀಸನ್‌ನಲ್ಲಿ ಕೈ ತಪ್ಪುತ್ತಾನೆ.

ಎರಡನೆಯದು ಪೈಪ್‌ಲೈನ್. ಇಡೀ ದೇಶವನ್ನು ಆಟ ಪ್ರದೇಶಗಳಾಗಿ ಹಂಚಿದೆ. ಕಾಲೇಜಿಗೂ ಕೋಚ್‌ಗೂ ಒಂದೊಂದು ಪ್ರದೇಶದಲ್ಲಿ ಹಿಡಿತ ಇರುತ್ತದೆ. ಹಿಡಿತ ಇರುವ ಕಡೆಯ ಹುಡುಗನಿಗೆ ಹಾಕಿದ ಗಂಟೆಗೆ ಜಾಸ್ತಿ ಫಲ. ನಿಜವಾದ ಕಾಲೇಜು ಫುಟ್‌ಬಾಲ್‌ನಲ್ಲೂ ಹೀಗೇ. ಟೆಕ್ಸಾಸ್, ಫ್ಲಾರಿಡಾ, ಜಾರ್ಜಿಯಾ, ಕ್ಯಾಲಿಫೋರ್ನಿಯಾ ರಾಜ್ಯಗಳಿಂದ ಆಟಗಾರರು ರಾಶಿರಾಶಿ ಬರುತ್ತಾರೆ. ಅಲ್ಲಿನ ಹೈಸ್ಕೂಲ್ ಕೋಚ್‌ಗಳ ಪರಿಚಯ ಇದ್ದವನ ಕೈ ಮೇಲೆ. ಹಾಗಾಗಿ ಡೈನಾಸ್ಟಿ ಶುರುವಿನಲ್ಲಿ ನಿಮ್ಮ ಕೋಚ್‌ಗೆ ಪೈಪ್‌ಲೈನ್ ಆರಿಸುವಾಗ ಪ್ರೀತಿಯ ಊರು ಅಂತ ಆರಿಸಬೇಡಿ. ಕಾಲೇಜಿಗೆ ಹತ್ತಿರದ, ಹುಡುಗರು ತುಂಬ ಸಿಗುವ ಪ್ರದೇಶ ಆರಿಸಿ. ನಮ್ಮ ಗುಂಪಿನ ಒಬ್ಬ ಗುಡ್ಡಗಾಡು ಚೆಂದ ಅಂತ 'ಬಿಗ್ ಸ್ಕೈ' ಹಿಡಿದು ಎರಡು ಸೀಸನ್ ಒದ್ದಾಡಿದ. ಚೆಂದ ಇದೆ ನಿಜ. ಆದರೆ ಅಲ್ಲಿ ಹುಡುಗರೇ ಕಡಿಮೆ.

ಕೋಚ್‌ನ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಶುರುವಿನಲ್ಲಿ ಮೂರು ಬಗೆಯ ಕೋಚ್: ರಿಕ್ರೂಟರ್, ಮೋಟಿವೇಟರ್, ಟ್ಯಾಕ್ಟಿಷಿಯನ್. ಸಣ್ಣ ಕಾಲೇಜು ಹಿಡಿದವರು ಯೋಚನೆ ಮಾಡದೆ ರಿಕ್ರೂಟರ್ ತೆಗೆದುಕೊಳ್ಳಿ. ದೊಡ್ಡ ಕಾಲೇಜು ಹಿಡಿದವರು ಏನು ತೆಗೆದುಕೊಂಡರೂ ಬದುಕುತ್ತಾರೆ.

ಬೋರ್ಡ್‌ನಲ್ಲಿ ನನ್ನ ಹಂಚಿಕೆ ಒರಟು ಲೆಕ್ಕದ್ದು. ಎಂಟು-ಹತ್ತು ಜನ ನಿಜವಾಗಿ ಬೇಕಾದವರು. ಹತ್ತು-ಹನ್ನೆರಡು ಜನ ಅವರ ಬದಲಿಗೆ ಆಗಬಹುದಾದವರು. ಉಳಿದ ಜಾಗದಲ್ಲಿ, ತಾವಾಗಿಯೇ ನಮ್ಮ ಕಾಲೇಜಿನ ಹೆಸರನ್ನು ಪಟ್ಟಿಯಲ್ಲಿ ಮೇಲಿಟ್ಟುಕೊಂಡಿರುವ ಹುಡುಗರು. ಈ ಕೊನೆಯವರನ್ನು ತುಂಬ ಜನ ಕಣ್ಣೆತ್ತಿಯೂ ನೋಡುವುದಿಲ್ಲ. ಕೇಳದೆ ಬಂದ ಸಂಬಂಧ ಅಂತ ಅಸಡ್ಡೆ. ಆದರೆ ಸ್ಕಾಲರ್‌ಶಿಪ್ ಕೊಟ್ಟು ಚೂರು ಮಾತಾಡಿಸಿದರೆ ಸಾಕು, ಬರುತ್ತಾರೆ. ತಂಡದ ಅರ್ಧ ಬೆಂಚು ಹೀಗೇ ತುಂಬುತ್ತದೆ.

ಸ್ಕೌಟಿಂಗ್: ನಕ್ಷತ್ರದ ಹಿಂದೆ ಏನಿದೆ?

ಒಂದರಿಂದ ಐದು ನಕ್ಷತ್ರದವರೆಗೆ ಹುಡುಗರಿಗೆ ದರ್ಜೆ ಇದೆ. ಅದು ಹೊರಗಿನವರು ಕೊಟ್ಟ ಅಂದಾಜು. ಸ್ಕೌಟ್ ಮಾಡಿದಾಗ, ಅಂದರೆ ಹುಡುಗನನ್ನು ಪರೀಕ್ಷಿಸಿ ನೋಡಿದಾಗ, ಅವನ ಆಟದ ಅಂಕಿಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಕೆಲವರ ಪಕ್ಕದಲ್ಲಿ ಹಸಿರು ಹರಳು ಕಾಣುತ್ತದೆ: ಇವನು ಜೆಮ್, ತನ್ನ ನಕ್ಷತ್ರಕ್ಕಿಂತ ಮೇಲಿನವನು. ಕೆಲವರ ಪಕ್ಕದಲ್ಲಿ ಕೆಂಪು ಗುರುತು: ಇವನು ಬಸ್ಟ್, ಹೆಸರು ದೊಡ್ಡದು, ಆಟ ಸಣ್ಣದು. ಮೂರು ನಕ್ಷತ್ರದ ಜೆಮ್ ಎಷ್ಟೋ ಸಲ ನಾಲ್ಕು ನಕ್ಷತ್ರದ ಬಸ್ಟ್‌ಗಿಂತ ಒಳ್ಳೆಯ ಆಟಗಾರ. ಪೈಪೋಟಿಯೂ ಕಡಿಮೆ.

ಆದರೆ ಸ್ಕೌಟ್ ಮಾಡುವುದಕ್ಕೂ ಅದೇ ಗಂಟೆಗಳ ಚೀಲಕ್ಕೇ ಕೈ ಹಾಕಬೇಕು. 35 ಜನರನ್ನೂ ಪೂರ್ತಿ ಸ್ಕೌಟ್ ಮಾಡುತ್ತೇನೆ ಅಂದರೆ ಒಲಿಸಲು ಏನೂ ಉಳಿಯುವುದಿಲ್ಲ. ನಾನು ಇದನ್ನೆಲ್ಲ ಪ್ರೀಸೀಸನ್‌ನಲ್ಲೇ ಮುಗಿಸುತ್ತೇನೆ. ಆಗ ಕೈಯಲ್ಲಿ ಗಂಟೆ ಜಾಸ್ತಿ, ಅವಸರ ಕಡಿಮೆ. ಅದರಲ್ಲೂ ಮೂರು ಮತ್ತು ನಾಲ್ಕು ನಕ್ಷತ್ರದವರನ್ನೇ ನೋಡುತ್ತೇನೆ. ಐದು ನಕ್ಷತ್ರದವನು ಹೇಗೂ ಚೆನ್ನಾಗಿಯೇ ಇರುತ್ತಾನೆ, ಹೇಗೂ ನನ್ನ ಹತ್ತಿರ ಬರುವುದಿಲ್ಲ. ಎರಡು ನಕ್ಷತ್ರದವನು ತುಂಬಾ ಬೇಕಾದ ಜಾಗದವನಾದರೆ ಮಾತ್ರ. ಒಂದು ಸಲ ಸ್ಕೌಟ್ ಮಾಡಿದಾಗಲೇ ಕೆಂಪು ಗುರುತು ಬಂದರೆ ಅಲ್ಲೇ ನಿಲ್ಲಿಸಿ, ಬೋರ್ಡ್‌ನಿಂದ ತೆಗೆದು ಹೊಸ ಹೆಸರು ಹಾಕಿ. 'ಇರಲಿ, ಇನ್ನೊಂದು ಸಲ ನೋಡೋಣ' ಅನ್ನುವ ಆಸೆ ಬೇಡ.

ಅಂಕಿ ಬಿಚ್ಚಿಕೊಂಡ ಮೇಲೆ ಒಟ್ಟು ಅಂಕಕ್ಕಿಂತ, ಅವನ ಜಾಗಕ್ಕೆ ಏನು ಬೇಕೋ ಆ ಒಂದೆರಡು ಅಂಕಿಗಳನ್ನೇ ನೋಡಿ. ಕಾರ್ನರ್‌ಬ್ಯಾಕ್‌ಗೆ ವೇಗ ಬೇಕು. ಅದು ತರಬೇತಿಯಲ್ಲಿ ಅಷ್ಟು ಸುಲಭವಾಗಿ ಏರುವುದಿಲ್ಲ. ಎದುರಾಳಿಯನ್ನು ಓದುವ ಬುದ್ಧಿ ವರ್ಷಗಳಲ್ಲಿ ಬರುತ್ತದೆ. ಹಾಗಾಗಿ ಓಡಬಲ್ಲವನನ್ನು ತನ್ನಿ, ಉಳಿದದ್ದನ್ನು ಕಲಿಸಿ. ಮುಂದಿನ ಸಾಲಿನಲ್ಲಿ ಗುದ್ದಾಡುವ ಲೈನ್‌ಮನ್‌ಗಳಲ್ಲಿ ಬಲ ನೋಡುತ್ತೇನೆ. ಕ್ವಾರ್ಟರ್‌ಬ್ಯಾಕ್‌ನಲ್ಲಿ ತೋಳಿನ ಶಕ್ತಿ. ಇದು ನನ್ನ ರುಚಿ. ಗುಂಪಿನಲ್ಲಿ ಇದರ ಮೇಲೆ ಜಗಳ ಇನ್ನೂ ನಿಂತಿಲ್ಲ.

ಒಂದು ವಿಷಯ ಮಾತ್ರ ಸ್ಕೌಟಿಂಗ್‌ನಲ್ಲಿ ಕಾಣುವುದಿಲ್ಲ. ಹುಡುಗ ಎಷ್ಟು ಬೇಗ ಬೆಳೆಯುತ್ತಾನೆ ಅನ್ನುವ ಗುಣ. ನಾರ್ಮಲ್, ಇಂಪ್ಯಾಕ್ಟ್, ಸ್ಟಾರ್, ಎಲೀಟ್ ಅಂತ ನಾಲ್ಕು ಬಗೆ. ಅವನು ಕಾಲೇಜಿಗೆ ಬಂದ ಮೇಲೆಯೇ ಗೊತ್ತಾಗುವುದು. ಆದ್ದರಿಂದ ಒಂದು ಮುಖ್ಯ ಜಾಗಕ್ಕೆ ಒಬ್ಬನೇ ಹುಡುಗನನ್ನು ತಂದು ನೆಮ್ಮದಿಯಾಗಿ ಕೂರಬೇಡಿ. ಸಾಧ್ಯವಾದರೆ ಇಬ್ಬರನ್ನು ತನ್ನಿ.

ವಾರದ ಗಂಟೆ ಹಂಚುವುದು

ಇದೇ ಆಟದ ಹೃದಯ. ನಿಧಾನವಾಗಿ ಓದಿ.

ಪ್ರತಿ ವಾರ ನಿಮಗೆ ಇಂತಿಷ್ಟು ಗಂಟೆ ಅಂತ ಸಿಗುತ್ತದೆ. ದೊಡ್ಡ ಕಾಲೇಜಿಗೆ ಜಾಸ್ತಿ, ಸಣ್ಣದಕ್ಕೆ ಕಡಿಮೆ. ಒಬ್ಬ ಹುಡುಗನಿಗೆ ವಾರಕ್ಕೆ 50 ಗಂಟೆಯವರೆಗೆ ಹಾಕಬಹುದು. ಅವನ ಸೋಷಿಯಲ್ ಮೀಡಿಯಾ ಜಾಲಾಡಲು 5 ಗಂಟೆ. ನೇರ ಮೆಸೇಜ್ ಕಳಿಸಲು 10. ಮನೆಯವರು, ಗೆಳೆಯರನ್ನು ಮಾತಾಡಿಸಲು 25. ಎಲ್ಲ ಸೇರಿಸಿ ಸುರಿಯುವ 'ಸೆಂಡ್ ದ ಹೌಸ್'ಗೆ ಪೂರ್ತಿ 50. ಹುಡುಗನ ಪಟ್ಟಿಯಲ್ಲಿ ಕಾಲೇಜುಗಳು ಕಡಿಮೆಯಾಗುತ್ತಾ ಬಂದಂತೆ ಇನ್ನೂ ಮೂರು ದಾರಿ ತೆರೆಯುತ್ತವೆ: ಸಾಫ್ಟ್ ಸೆಲ್ (ಅವನಿಗೆ ಇಷ್ಟವಾದ ವಿಷಯ ಹಿಡಿದು ಕಾಲೇಜನ್ನು ಮೆಲ್ಲಗೆ ಹೊಗಳುವುದು) 20, ಸ್ವೇ (ಅವನ ಮನಸ್ಸು ತಿರುಗಿಸುವುದು) 30, ಹಾರ್ಡ್ ಸೆಲ್ (ಅದೇ ಹೊಗಳಿಕೆ, ಜೋರಾಗಿ) 40.

ಲೆಕ್ಕಕ್ಕೆ ನಿಮ್ಮ ಕೈಯಲ್ಲಿ 300 ಗಂಟೆ ಇದೆ ಅಂದುಕೊಳ್ಳಿ. ಹೊಸಬರು ಏನು ಮಾಡುತ್ತಾರೆ? ಯಾರಿಗೂ ಬೇಜಾರಾಗಬಾರದು ಅನ್ನುವ ಹಾಗೆ ಮದುವೆಮನೆ ಪಾಯಸದಂತೆ ಎಲ್ಲರ ಎಲೆಗೂ ಒಂದೊಂದು ಸೌಟು ಬಡಿಸುತ್ತಾರೆ. 30 ಹುಡುಗರಿಗೆ ತಲಾ 10 ಗಂಟೆ. ಆ ಮೂವತ್ತರಲ್ಲಿ ಪ್ರತಿಯೊಬ್ಬನ ಹಿಂದೆಯೂ 50 ಗಂಟೆ ಸುರಿಯುವ ಬೇರೆ ಯಾವುದೋ ಕಾಲೇಜು ಇದ್ದೇ ಇರುತ್ತದೆ. ಕೊನೆಗೆ ಮೂವತ್ತೂ ಹೋಯಿತು.

ನಾನು ಮಾಡುವುದು ಹೀಗೆ. ತೀರಾ ಬೇಕಾದ ನಾಲ್ವರಿಗೆ ತಲಾ 50, ಅಲ್ಲಿಗೆ 200. ಅವರ ಬದಲಿಗೆ ಇಟ್ಟುಕೊಂಡ ಇಬ್ಬರಿಗೆ ಮನೆಯವರು ಪ್ಲಸ್ ಮೆಸೇಜ್ ಅಂತ ತಲಾ 35, ಅಂದರೆ 70. ಉಳಿದ 30 ಗಂಟೆಯಲ್ಲಿ ಆರು ಜನರಿಗೆ ಐದೈದು ಗಂಟೆ ಸೋಷಿಯಲ್ ಮೀಡಿಯಾ. ಅದು ಅವರ ಪಟ್ಟಿಯಲ್ಲಿ ನಮ್ಮ ಹೆಸರು ಉಳಿಯಲಿ ಅಂತ ಮಾತ್ರ. ನಾಲ್ವರಲ್ಲಿ ಒಬ್ಬ 'ಬರುತ್ತೇನೆ' ಅಂದ ಕೂಡಲೇ ಅವನ 50 ಗಂಟೆ ಖಾಲಿಯಾಗುತ್ತದೆ. ಅದನ್ನು ಅದೇ ವಾರ ಮುಂದಿನವನಿಗೆ ಕೊಡಿ. ಉಳಿಸಿದ ಗಂಟೆ ಮುಂದಿನ ವಾರಕ್ಕೆ ಬರುವುದಿಲ್ಲ.

ಇನ್ನೊಂದು ಸಣ್ಣ ಬಲೆ ಇದೆ. ಒಮ್ಮೆ ಹಚ್ಚಿದ ಕೆಲಸ ವಾರವಾರವೂ ತಾನೇ ಮುಂದುವರಿಯುತ್ತದೆ. ಅನುಕೂಲ ನಿಜ. ಆದರೆ ನೋಡದೆ ಬಿಟ್ಟರೆ, ಆಸೆ ಸತ್ತುಹೋದ ಕಡೆಗೂ ಗಂಟೆ ಹರಿಯುತ್ತಲೇ ಇರುತ್ತದೆ. ನಲ್ಲಿ ತಿರುಗಿಸಿ ಬಿಟ್ಟು ಊರಿಗೆ ಹೋದ ಹಾಗೆ.

ನನ್ನ ಮೊದಲ ಸೀಸನ್‌ನ ಕತೆ ಇದೇ. ಐದು ನಕ್ಷತ್ರದ ಕ್ವಾರ್ಟರ್‌ಬ್ಯಾಕ್ ಒಬ್ಬ. ಅವನ ಪಟ್ಟಿಯಲ್ಲಿ ನಾನು ನಾಲ್ಕನೆಯವನು. 'ಇನ್ನೇನು ಮೇಲೆ ಬರುತ್ತೇನೆ' ಅಂತ ಹತ್ತು ವಾರ ತಲಾ 50 ಸುರಿದೆ. 500 ಗಂಟೆ! ಹತ್ತಿರ ಹತ್ತಿರ ಎರಡು ವಾರದ ಇಡೀ ಸಂಪಾದನೆ. ಹನ್ನೊಂದನೇ ವಾರ ಅವನು ದೊಡ್ಡ ಕಾಲೇಜೊಂದಕ್ಕೆ ಹೋದ. ಆ ವರ್ಷ ನನಗೆ ನಿಜವಾಗಿ ಬೇಕಿದ್ದದ್ದು ಲೆಫ್ಟ್ ಟ್ಯಾಕಲ್. ಕ್ವಾರ್ಟರ್‌ಬ್ಯಾಕ್‌ನ ಬೆನ್ನು ಕಾಯುವವನು. ಅದಕ್ಕೆ ಒಬ್ಬನೂ ಸಿಗಲಿಲ್ಲ. ಮುಂದಿನ ಸೀಸನ್ ಪೂರ್ತಿ ನನ್ನ ಹಳೇ ಕ್ವಾರ್ಟರ್‌ಬ್ಯಾಕ್ ಹುಲ್ಲಿನ ಮೇಲೆ ಮಲಗಿಕೊಂಡೇ ಇದ್ದ.

ಆವತ್ತಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಒಬ್ಬನಿಗೆ ಮೂರು ವಾರ ಪೂರ್ತಿ ಗಂಟೆ ಹಾಕಿದ ಮೇಲೂ ಹುಡುಗನ ಆಸಕ್ತಿ ತೋರಿಸುವ ಗೆರೆಗಳಲ್ಲಿ ಮುಂದಿರುವ ಕಾಲೇಜಿನ ಗೆರೆಗೂ ನನ್ನ ಗೆರೆಗೂ ಅಂತರ ಕಡಿಮೆಯಾಗಿಲ್ಲವಾ? ಬಿಟ್ಟೆ. ಎಷ್ಟು ಹಾಕಿದ್ದೇನೆ ಅಂತ ಹಿಂದೆ ತಿರುಗಿ ನೋಡುವುದಿಲ್ಲ.

ಏನು ಹೇಳಿ ಒಲಿಸಬೇಕು?

ಪ್ರತಿ ಹುಡುಗನಿಗೂ ಮನಸ್ಸಿಗೆ ಹತ್ತಿರವಾದ ಮೂರು ವಿಷಯ ಇರುತ್ತವೆ, ಆ ಹದಿನಾಲ್ಕರಲ್ಲೇ. ಅವನನ್ನು ಮಾತಾಡಿಸುತ್ತಾ ಹೋದಂತೆ ಒಂದೊಂದೇ ಬಯಲಾಗುತ್ತವೆ. ಮೂರೂ ಗೊತ್ತಾಗುವ ಮುಂಚೆ ಸೆಲ್ ಶುರು ಮಾಡಬೇಡಿ. ಕುಕ್ಕರ್ ಕೂಗುವ ಮುಂಚೆ ಮುಚ್ಚಳ ತೆಗೆದ ಹಾಗಾಗುತ್ತದೆ.

ಮೂರೂ ಗೊತ್ತಾಗಿ, ಮೂರರಲ್ಲೂ ನಿಮ್ಮ ಗ್ರೇಡ್ ಚೆನ್ನಾಗಿದ್ದರೆ ಹಾರ್ಡ್ ಸೆಲ್ ಹಾಕಿ, ಉಳಿದ 10 ಗಂಟೆಗೆ ಮೆಸೇಜ್. ಒಟ್ಟು 50. ಇದಕ್ಕಿಂತ ಬಲವಾದ ಜೋಡಿ ನನಗೆ ಸಿಕ್ಕಿಲ್ಲ. ಹೊಂದುವುದು ಎರಡೇ ಆದರೆ, ಅಥವಾ ಗ್ರೇಡ್ ಸಾಧಾರಣವಾದರೆ, ಹಾರ್ಡ್ ಸೆಲ್ ಎಷ್ಟು ಫಲ ಕೊಡುತ್ತದೆ ಅಂತ ಒಂದು ವಾರ ನೋಡಿ 'ಸೆಂಡ್ ದ ಹೌಸ್' ಜೊತೆ ತೂಗಿ. ಒಂದೋ ಇಲ್ಲವೇ ಇಲ್ಲವೋ ಅನ್ನುವ ಹಾಗಿದ್ದರೆ ಕಣ್ಣು ಮುಚ್ಚಿ 'ಸೆಂಡ್ ದ ಹೌಸ್'. ಅದಕ್ಕೆ ಹೊಂದಾಣಿಕೆಯ ಹಂಗಿಲ್ಲ.

ಸ್ವೇ ಅಂದರೆ ಹುಡುಗನ ಮನಸ್ಸನ್ನೇ ಬದಲಾಯಿಸುವುದು. 'ನಿನಗೆ ಸ್ಟೇಡಿಯಂ ಗದ್ದಲ ಯಾಕೆ, ಓದು ನೋಡು' ಅಂತ ಬುದ್ಧಿ ಹೇಳುವುದು. ಹದಿನೇಳರ ಹುಡುಗನಿಗೆ! ನಾನು ಅದನ್ನು ಬಳಸುವುದನ್ನೇ ಬಿಟ್ಟಿದ್ದೇನೆ. ಅವನ ಮನಸ್ಸು ತಿರುಗುವಷ್ಟರಲ್ಲಿ ಪಕ್ಕದವನು ತಾಂಬೂಲ ಬದಲಾಯಿಸಿಕೊಂಡಿರುತ್ತಾನೆ.

ಹೋದ ಸೀಸನ್‌ನಲ್ಲಿ ನಡೆದದ್ದು ಹೇಳುತ್ತೇನೆ. ಹ್ಯೂಸ್ಟನ್ ಕಡೆಯ ಸೇಫ್ಟಿ (ಹಿಂದೆ ನಿಂತು ಎದುರಾಳಿಯನ್ನು ತಡೆಯುವವನು) ಒಬ್ಬ, ಮೂರು ನಕ್ಷತ್ರ, ಸ್ಕೌಟ್ ಮಾಡಿದರೆ ಹಸಿರು ಹರಳು. ಡೀಲ್‌ಬ್ರೇಕರ್ ಆಡುವ ಸಮಯ. ನನ್ನ ಸೇಫ್ಟಿಗಳಿಬ್ಬರೂ ಸೀನಿಯರ್‌ಗಳು, ಹಾಗಾಗಿ ನನ್ನ ಗ್ರೇಡ್ ಎ. ಪ್ರೀಸೀಸನ್‌ನಲ್ಲೇ ಸ್ಕಾಲರ್‌ಶಿಪ್ ಕೊಟ್ಟು, ಮೊದಲ ಮೂರು ವಾರ 35 ಗಂಟೆ ಹಾಕಿದೆ. ಆಡುವ ಸಮಯ, ಮನೆ ಹತ್ತಿರ, ಸೌಲಭ್ಯ. ಮೂರೂ ಬಯಲಾದವು. ಸೌಲಭ್ಯದಲ್ಲಿ ನನ್ನದು ಸಿ, ಉಳಿದೆರಡೂ ಮೇಲೆ. ನಾಲ್ಕನೇ ವಾರ ಹಾರ್ಡ್ ಸೆಲ್ ಪ್ಲಸ್ ಮೆಸೇಜ್.

ಐದನೇ ವಾರ ನೋಡಿದರೆ ಪಟ್ಟಿಯಲ್ಲಿ ನಮ್ಮ ಡಲ್ಲಾಸ್ ಗೆಳೆಯನ ಕಾಲೇಜು ಸರಸರ ಮೇಲೆ ಬರುತ್ತಿದೆ. ಫೋನ್ ಮಾಡಿದೆ.

'ಮಗಾ, ಆ ಸೇಫ್ಟಿ ಹಿಂದೆ ನೀನೂ ಬಿದ್ದಿದ್ದೀಯಾ?'

'ಯಾವ ಸೇಫ್ಟಿ?'

'ನಾಟಕ ಮಾಡ್ಬೇಡ.'

'ನನ್ ಹತ್ರ ಗಂಟೆ ಜಾಸ್ತಿ ಇದೆ ಕಣೋ, ಸುಮ್ನೆ ಹಾಕ್ತಾ ಇದೀನಿ.'

ಸುಮ್ಮನೆ ಅಲ್ಲ, 'ಸೆಂಡ್ ದ ಹೌಸ್' ಹಾಕುತ್ತಿದ್ದ. ನಾನು ಹೆದರಲಿಲ್ಲ. ಅವನ ತಂಡದಲ್ಲಿ ನಾಲ್ಕು ನಕ್ಷತ್ರದ ಸೇಫ್ಟಿಗಳಿಬ್ಬರು ಎರಡನೇ ವರ್ಷದಲ್ಲಿದ್ದರು. ಅಂದರೆ ಆಡುವ ಸಮಯದ ಗ್ರೇಡ್ ಕೆಳಗೆ. ಅವನಿಗೆ ಹಾರ್ಡ್ ಸೆಲ್ ಫಲಿಸುವುದಿಲ್ಲ, ಗಂಟೆ ಸುರಿಯುವುದೊಂದೇ ದಾರಿ. ನನ್ನ 50ಕ್ಕೆ ಅವನ 50ಕ್ಕಿಂತ ತೂಕ ಜಾಸ್ತಿ. ಏಳನೇ ವಾರ ಹುಡುಗನನ್ನು ಕ್ಯಾಂಪಸ್‌ಗೆ ಕರೆಸಿದೆ, ಆ ಪಂದ್ಯ ಹೇಗೋ ಗೆದ್ದೆ. ಒಂಬತ್ತನೇ ವಾರ ಹುಡುಗ ನನ್ನವನಾದ. ಡಲ್ಲಾಸಿನವನು ಎರಡು ದಿನ ಗುಂಪಿನಲ್ಲಿ ಮಾತಾಡಲಿಲ್ಲ.

ಕ್ಯಾಂಪಸ್‌ಗೆ ಕರೆಸುವುದು

ನೀವು ಹುಡುಗನ ಟಾಪ್ ಐದರಲ್ಲಿ ಬಂದ ಮೇಲೆ ಅವನನ್ನು ಒಂದು ಪಂದ್ಯಕ್ಕೆ ಕರೆಸಬಹುದು. ಒಂದು ವಾರಕ್ಕೆ ನಾಲ್ವರವರೆಗೆ. ಇದು ಒಬ್ಬೊಬ್ಬನಿಗೆ ಒಂದೇ ಸಲ ಸಿಗುವ ಅವಕಾಶ, ಹಾಗಾಗಿ ದಿನ ನೋಡಿ ಕರೆಸಿ. ನಿಮ್ಮ ಊರಿನಲ್ಲೇ ನಡೆಯುವ ಪಂದ್ಯವಾಗಿರಬೇಕು. ದೊಡ್ಡ ಎದುರಾಳಿ ಬಂದರೆ ಒಳ್ಳೆಯದು, ಆದರೆ ಗೆಲ್ಲಬಲ್ಲ ಪಂದ್ಯವಾದರೆ ಇನ್ನೂ ಒಳ್ಳೆಯದು. ಸೋತರೆ ಕರೆಸಿದ್ದರ ಲಾಭ ಇಳಿದುಹೋಗುತ್ತದೆ. ಊಟಕ್ಕೆ ಕರೆದ ದಿನವೇ ಮನೆಯಲ್ಲಿ ಜಗಳವಾದ ಹಾಗೆ. ನಾನಂತೂ ಮೈದಾನದಲ್ಲಿ ನನ್ನ ಕೈ ಎಷ್ಟರದ್ದು ಅಂತ ಗೊತ್ತಿರುವುದರಿಂದ ದುರ್ಬಲ ತಂಡ ಬರುವ ವಾರಕ್ಕೇ ಕರೆಸುತ್ತೇನೆ.

ಒಂದೇ ಜಾಗದ ಇಬ್ಬರನ್ನು ಒಂದೇ ವಾರ ಕರೆಸಬೇಡಿ. ಒಬ್ಬರನ್ನೊಬ್ಬರು ನೋಡಿ ಮುನಿಸಿಕೊಳ್ಳುತ್ತಾರೆ, ಇಬ್ಬರ ಆಸಕ್ತಿಯೂ ಇಳಿಯುತ್ತದೆ. ಕ್ವಾರ್ಟರ್‌ಬ್ಯಾಕ್ ಜೊತೆ ಚೆಂಡು ಹಿಡಿಯುವ ರಿಸೀವರ್‌ನನ್ನು ಕರೆಸಿದರೆ ಉಲ್ಟಾ, ಇಬ್ಬರಿಗೂ ಖುಷಿ. ಬಂದವರಿಗೆ ಏನು ತೋರಿಸಬೇಕು ಅಂತಲೂ ಕೇಳುತ್ತದೆ. ಅವನ ಮೂರು ವಿಷಯಗಳಿಗೆ ಹೊಂದುವುದನ್ನೇ ಆರಿಸಿ. ಓದು ಬೇಕು ಅಂದವನನ್ನು ಸ್ಟೇಡಿಯಂ ಸುತ್ತಿಸಿ ಏನು ಪ್ರಯೋಜನ?

ಗೆಳೆಯರ ಜೊತೆ ಆಡುವಾಗ

ಕಂಪ್ಯೂಟರ್ ನಡೆಸುವ ಕಾಲೇಜುಗಳ ಜೊತೆ ಪೈಪೋಟಿ ಮಾಡುವುದು ಸುಲಭ. ಅವಕ್ಕೆ ಮುಖ ನೋಡುವುದು ಗೊತ್ತಿಲ್ಲ. ಗೆಳೆಯರಿಗೆ ಗೊತ್ತು. ಬೋರ್ಡ್‌ನಲ್ಲಿ ಯಾರಿದ್ದಾರೆ ಅಂತ ಗುಂಪಿನಲ್ಲಿ ಬಾಯಿ ಬಿಡಬೇಡಿ. ಜೆಮ್ ಸಿಕ್ಕಿದ ಖುಷಿಗೆ ಸ್ಕ್ರೀನ್‌ಶಾಟ್ ಹಾಕಿ ಅವನನ್ನು ಕಳೆದುಕೊಂಡವರು ನಮ್ಮಲ್ಲೇ ಇಬ್ಬರಿದ್ದಾರೆ. ಬದಲಿಗೆ ಗೆಳೆಯರ ತಂಡದ ಪಟ್ಟಿ ಓದಿ. ಅವರಿಗೆ ಯಾವ ಜಾಗ ಖಾಲಿ, ಯಾವ ಪ್ರದೇಶದಲ್ಲಿ ಹಿಡಿತ ಅಂತ ಗೊತ್ತಾದರೆ ಯಾರ ಹಿಂದೆ ಹೋಗುತ್ತಾರೆ ಅಂತ ಅರ್ಧ ಊಹಿಸಬಹುದು. ಅದೇ ಹುಡುಗನ ಹಿಂದೆ ನೀವೂ ಹೋಗಬೇಕಾ ಅಂತ ಆಮೇಲೆ ಯೋಚಿಸಿ. ಸಾಮಾನ್ಯವಾಗಿ ಬೇಡ.

ಆಟದೊಳಗಿನ ವಾರ ಎಲ್ಲರಿಗೂ ಒಟ್ಟಿಗೆ ಮುಂದೆ ಹೋಗುವ ಸಮಯ ಮೊದಲೇ ಗಟ್ಟಿ ಮಾಡಿಕೊಳ್ಳಿ. ನಮ್ಮಲ್ಲಿ ಟೆಕ್ಸಾಸ್ ಗಡಿಯಾರದ ಪ್ರಕಾರ ಭಾನುವಾರ ರಾತ್ರಿ 9ಕ್ಕೆ. ಬೆಂಗಳೂರಿನವನಿಗೆ ಅದು ಸೋಮವಾರ ಬೆಳಗ್ಗೆ 7:30. ನವೆಂಬರ್‌ನಲ್ಲಿ ಇಲ್ಲಿ ಗಡಿಯಾರ ಹಿಂದಕ್ಕೆ ಹಾಕಿದ ಮೇಲೆ 8:30. ಮಾರ್ಚ್‌ನಲ್ಲಿ ಮತ್ತೆ ಮುಂದಕ್ಕೆ ಹಾಕಿದಾಗ ಒಂದು ಗಂಟೆ ಬೇಗ ಬಂತು ಅನ್ನುವುದನ್ನು ಬೆಂಗಳೂರಿನವನು ಮರೆತು, ಕಾಫಿ ಕುಡಿದು ಆರಾಮಾಗಿ ಬಂದು ನೋಡಿದರೆ ವಾರ ಮುಂದೆ ಹೋಗಿತ್ತು. 'ಬರುತ್ತೇನೆ' ಅಂದ ಇಬ್ಬರು ಹುಡುಗರಿಂದ ಖಾಲಿಯಾದ 100 ಗಂಟೆಯನ್ನು ಅವನು ಯಾರಿಗೂ ಹಾಕಿರಲಿಲ್ಲ. ಸೋಮವಾರದ ಮೀಟಿಂಗ್‌ನಲ್ಲಿ ಯಾರ ಜೊತೆಯೂ ಮಾತಾಡಲಿಲ್ಲವಂತೆ.

ಪೋರ್ಟಲ್, ಆಮೇಲೆ 85

ಸೀಸನ್ ಮುಗಿದ ಮೇಲೆ ನಾಲ್ಕು ವಾರ ಟ್ರಾನ್ಸ್‌ಫರ್ ಪೋರ್ಟಲ್ ತೆರೆಯುತ್ತದೆ. ಬೇರೆ ಕಾಲೇಜು ಬಿಟ್ಟು ಬರುವವರು ಅಲ್ಲಿರುತ್ತಾರೆ. ನಿಜ ಜೀವನದಲ್ಲಿ ಇದು ಶುರುವಾಗಿದ್ದು 2018ರಲ್ಲಿ. ಈಗ ಇದಿಲ್ಲದೆ ಕಾಲೇಜು ಫುಟ್‌ಬಾಲ್ ಇಲ್ಲ ಅನ್ನುವ ಮಟ್ಟಕ್ಕೆ ಬಂದಿದೆ. ಆಟದಲ್ಲೂ ಹಾಗೇ. ಇವರ ಲಾಭ ಏನೆಂದರೆ ನಾಳೆಯೇ ಆಡಬಲ್ಲವರು. ಆದರೆ ಸಮಯ ಕಡಿಮೆ, ನಿಧಾನವಾಗಿ ಮಾತಾಡಿಸಲು ಆಗುವುದಿಲ್ಲ. ನಾನು ಇಲ್ಲಿ ಎರಡು-ಮೂರು ಜನರಿಗಿಂತ ಜಾಸ್ತಿ ಹುಡುಕುವುದಿಲ್ಲ. ಹೈಸ್ಕೂಲ್ ಹುಡುಗರಿಂದ ತುಂಬದ ಒಂದೆರಡು ಜಾಗಕ್ಕೆ ಮಾತ್ರ. ಮೊದಲ ವಾರವೇ ಇರುವ ಗಂಟೆಯೆಲ್ಲ ಅವರಿಗೇ.

ಅದಕ್ಕೂ ಮುಂಚೆ ನಿಮ್ಮವರೇ ಯಾರು ಹೊರಡಲು ನಿಂತಿದ್ದಾರೆ ನೋಡಿ. ಬಂದಾಗ ಹಿಡಿದಿದ್ದ ಹಠವನ್ನು ಹುಡುಗರು ಕಾಲೇಜಿಗೆ ಬಂದ ಮೇಲೂ ಬಿಟ್ಟಿರುವುದಿಲ್ಲ. ಆಡುವ ಸಮಯ ಬೇಕು ಅಂತ ಬಂದವನನ್ನು ವರ್ಷವಿಡೀ ಬೆಂಚಿನ ಮೇಲೆ ಕೂರಿಸಿದರೆ ಹೋಗುತ್ತಾನೆ. ಒಪ್ಪಿಸಿ ಉಳಿಸಿಕೊಳ್ಳಲು ನೋಡಬಹುದು, ಆದರೆ ಎಲ್ಲರನ್ನೂ ಉಳಿಸಿಕೊಳ್ಳಲು ಆಗುವುದಿಲ್ಲ. ಆ ಸೇಫ್ಟಿಯನ್ನು ನಾನು ಮೊದಲ ವರ್ಷದಿಂದಲೇ ಆಡಿಸುತ್ತಿದ್ದೇನೆ. ಕೆಲವು ಪಂದ್ಯ ಅವನಿಂದಲೇ ಸೋತಿದ್ದೇನೆ, ಪರವಾಗಿಲ್ಲ.

ಹೊಸ ಸೀಸನ್‌ಗೆ ಮುಂಚೆ ತಂಡದಲ್ಲಿ 85ಕ್ಕಿಂತ ಜಾಸ್ತಿ ಜನ ಇರುವಂತಿಲ್ಲ. ಹಾಗಾಗಿ ಡಿಸೆಂಬರ್ ಹೊತ್ತಿಗೇ ಕೂಡಿ ಕಳೆದು ನೋಡಿ: ಇರುವವರು, ಹೋಗುವ ಸೀನಿಯರ್‌ಗಳು, ಒಪ್ಪಿಕೊಂಡ ಹುಡುಗರು, ಪೋರ್ಟಲ್‌ನಿಂದ ಬರುವವರು. ಬೆಂಗಳೂರಿನವನು ಒಂದು ಸೀಸನ್ ಈ ಲೆಕ್ಕ ಹಾಕದೆ 91ಕ್ಕೆ ಹೋಗಿ ನಿಂತ. ಆರು ಜನರನ್ನು ತೆಗೆಯಬೇಕಿತ್ತು. ಪಟ್ಟಿ ನೋಡಿದರೆ ಅವನ ಹತ್ತಿರ ಚೆಂಡು ಒದೆಯುವ ಕಿಕ್ಕರ್‌ಗಳೇ ಮೂವರು ಇದ್ದರು. ಮೂವರಿಗೂ ಸ್ಕಾಲರ್‌ಶಿಪ್.